ಕಂಠ ಎಂದರೆ ಯಾವ ಕಂಠ?

ನಮ್ಮಕ್ಕ ಹೋದ ವರ್ಷ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಹೋಗಿ, ಬಾಯಿ ತೆರೆದು ‘ಆ...’ ಎಂದು ತೋರಿಸಿ ಬಂದಳು.

ನಗು ಬಂತೇ? ನನಗೂ ಬರಬಹುದಿತ್ತು. ಆದರೆ ಇದು ಗೊತ್ತಾದದ್ದು ಮೊನ್ನೆ ಮಂಗಳವಾರ, ಲಿಂಗಸುಗೂರಿನ ಆಸ್ಪತ್ರೆಯ ಬೆಂಚಿನ ಮೇಲೆ.

ಅಕ್ಕನ ಮನೆ ಇರುವುದು ಮಸ್ಕಿಯಲ್ಲಿ. ಅಲ್ಲೊಂದು ಶಿಬಿರ ನಡೆದಿತ್ತು. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ‘ಗರ್ಭಕಂಠ’. ಅಕ್ಕ ಹಿಡಿದುಕೊಂಡದ್ದು ಕಂಠವನ್ನು. ತಂಬಾಕು ತಿನ್ನುವವರ ಬಾಯಿ ನೋಡುವ ಸಾಲಿನಲ್ಲಿ ಹೋಗಿ ನಿಂತಳು. ‘ಏನಿಲ್ಲ ಬಿಡವ್ವ, ಚಲೋ ಐತಿ’ ಎಂದರು. ಮುಟ್ಟಿನ ನಡುನಡುವೆ ರಕ್ತ ಕಾಣುತ್ತಿದ್ದರೂ ‘ಕ್ಯಾನ್ಸರ್ ಇಲ್ಲ ಅಂದಾರ, ಹೀಟ್ ಆಗಿರಬೇಕು’ ಎಂದುಕೊಂಡು ವರ್ಷವಿಡೀ ಮಜ್ಜಿಗೆ ಕುಡಿದಳು.

ಈ ಪದ ಕಟ್ಟಿದ ಮಹಾಶಯ ಯಾರು? ನಮ್ಮ ಹೆಂಗಸರು ‘ಗರ್ಭಚೀಲದ ಬಾಯಿ’ ಎನ್ನುತ್ತಾರೆ. (ಅಲ್ಲೂ ಬಾಯಿ ಇದೆ. ಆದರೆ ಯಾವ ಬಾಯಿ ಎಂದು ಎಲ್ಲರಿಗೂ ಗೊತ್ತು.) ಅದನ್ನು ಅಚ್ಚು ಹಾಕಲು ನಾಚಿಕೆಯೇ?

ರಕ್ತ ನಿಲ್ಲದ್ದಕ್ಕೆ ಮೊನ್ನೆ ಲಿಂಗಸುಗೂರಿಗೆ ಕರೆದುಕೊಂಡು ಹೋದಾಗ, ಅಲ್ಲಿನ ಡಾಕ್ಟರಮ್ಮ ಒಂದು ನಿಮಿಷದಲ್ಲಿ ತಿಳಿಸಿದರು. ‘ಇದು ಒಂದು ವೈರಸ್ಸಿಂದ ಶುರುವಾಗತೈತ್ರಿ. ಗಂಡ ಹೆಂಡ್ತಿ ಕೂಡಿದಾಗ ಹತ್ತತೈತಿ. ಭಾಳ ಮಂದಿಗೆ ಬಂದು ತಾನ ಹೋಗತೈತಿ. ಕೆಲವರೊಳಗ ಕುಂತುಬಿಡತೈತಿ.’

ಕೂತು ಮಾಡುವುದೇನು? ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಕಾವಲನ್ನೇ ಕೆಡಿಸುತ್ತದೆ, ಕಾಲುವೆಯ ಗೇಟು ಕಾಯುವವನನ್ನು ಕಟ್ಟಿಹಾಕಿದ ಹಾಗೆ. ಜ್ವರವಿಲ್ಲ, ನೋವಿಲ್ಲ. ಕ್ಯಾನ್ಸರ್ ಆಗುವ ಮೊದಲೇ ಹಿಡಿಯಲು ಸಾಮಾನ್ಯವಾಗಿ ವರ್ಷಗಟ್ಟಲೆ ಸಮಯ ಸಿಗುತ್ತದೆ. ಅದರಲ್ಲಿ ಅಕ್ಕನ ಒಂದು ವರ್ಷವನ್ನು ಒಂದು ಪದ ನುಂಗಿತು.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಬರುವ ಮಂಗಳವಾರ ರಿಪೋರ್ಟ್. ಇನ್ನೂ ಮೊದಲ ಹಂತವೋ, ದಾಟಿ ಹೋಗಿದೆಯೋ ಅಂದು ತಿಳಿಯುತ್ತದೆ.

ಆಸ್ಪತ್ರೆಯಿಂದಲೇ ಅಕ್ಕ ಮನೆಗೆ ಸುದ್ದಿ ಮುಟ್ಟಿಸಿದ್ದಳು. ನಾವು ಹೊರಡುವಷ್ಟರಲ್ಲಿ ಅವಳ ಅತ್ತೆಯ ಫೋನು, ಸ್ಪೀಕರಿನಲ್ಲಿ. ‘ವೈರಸ್ ಅಂತಲ್ಲ? ಎಲ್ಲಿಂದ ತಂದಿಬೇ ಅದನ್ನ?’ (ಭಾವನನ್ನು ಯಾರೂ ಏನೂ ಕೇಳಲಿಲ್ಲ, ಗಮನಿಸಿ.) ಡಾಕ್ಟರಮ್ಮ ಕೇಳಿಸಿಕೊಂಡು ಸಿಡಿದರು: ‘ಯಾರಿಂದ ಬಂತು, ಯಾವಾಗ ಬಂತು ಅಂತ ನನಗ ಹೇಳಾಕ ಬರಂಗಿಲ್ಲ, ಅವರಿಗೆ ಗೊತ್ತೈತೇನು? ಮನ್ಯಾಗ ಮೊಮ್ಮಗಳಿದ್ರ ಲಸಿಕಿ ಹಾಕಸ್ರಿ ಅಂತ ಹೇಳ್ರಿ ಮೊದಲ!’

ನನಗೂ ಸಿಟ್ಟು ನೆತ್ತಿಗೇರಿತ್ತು. ಅದನ್ನು ಅಕ್ಕನ ಮೇಲೇ ಇಳಿಸಿದೆ. ‘ನಾ ಅವತ್ತೇ ಫೋನಿನಾಗ ಬಿಡಿಸಿ ಹೇಳಿದ್ನೆಲ್ಲಕ್ಕ, ಗರ್ಭಚೀಲದ ಬಾಯಿ ಅಂತ?’

‘ಯಾವಾಗ ಹೇಳಿದಿ ಲೇ ತಮ್ಮ? ಕಂಠ ಅಂದ್ರ ಗಂಟಲೇನೋ ಅಂತ ಕೇಳಿ, ಆ ಚೀಟಿ ಫೋಟೋ ಕಳಿಸಿದ್ನೆಲ್ಲ ನಿನಗ.’

ನನ್ನ ನೆನಪಿನಲ್ಲಿ ಆ ಫೋನು ಸ್ಪಷ್ಟವಾಗಿದೆ. ಸಿಂಧನೂರಿನ ಮನೆಯ ಪಡಸಾಲೆ, ನನ್ನ ಕೈಲಿ ಚಹಾ, ನಾನು ವಿವರಿಸುತ್ತಿದ್ದೇನೆ. ಎಲ್ಲರ ಮಾತಿಗೂ ಪುರಾವೆ ಕೇಳು ಎಂದು ಯೂನಿವರ್ಸಿಟಿಯಲ್ಲಿ ಕಲಿತು ಬಂದವನು ನಾನು. ನನ್ನ ನೆನಪಿಗೆ ಎಂದಾದರೂ ಕೇಳಿದ್ದೆನೇ?

ವಾಟ್ಸಾಪ್ ತೆರೆದು ಒಂದು ವರ್ಷ ಹಿಂದಕ್ಕೆ ಹೋದೆ. ಕರಪತ್ರದ ಫೋಟೋ ಇತ್ತು. ಕೆಳಗೆ ಅಕ್ಕನ ಪ್ರಶ್ನೆ: ‘ಕಂಠ ಅಂದ್ರ ಗಂಟಲಾ?’ ಅದರ ಕೆಳಗೆ ನನ್ನ ಉತ್ತರ. ಅಕ್ಷರವಿಲ್ಲ. ಒಂದು ಹೆಬ್ಬೆಟ್ಟಿನ ಚಿತ್ರ.

ಅಕ್ಕ ಓದಿದ್ದು ಏಳನೆಯ ಇಯತ್ತೆ, ನಾನು ಎಂ.ಎ. ಈಗ ಹೇಳಿ, ಹೆಬ್ಬೆಟ್ಟು ಯಾರು?