ಲೈಟಿನ ರಹಮತುಲ್ಲಾ
ಯಲಹಂಕದ ನಾಟಕ ಮಂದಿರಕ್ಕೆ ನಾನು ಕಸ ಗುಡಿಸಲು ಸೇರಿದ ದಿನ, ಆಟ ಮುಗಿದ ಮೇಲೆ ಲೈಟೊಂದನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋದೆ. "ಮುಟ್ಬೇಡಿ ಅಮ್ಮಾ! ಬಿಸಿ ಗಾಜು, ಸಿಡಿಯುತ್ತೆ. ತಣ್ಣಗಾದ್ಮೇಲೆ ಸ್ನಾನ ಮಾಡ್ಸಿ!" ಎಂದು ಕೂಗಿದವರು ಲೈಟಿನ ರಹಮತುಲ್ಲಾ. ಅವರು ದೀಪಗಳನ್ನು ಒಮ್ಮೆಲೇ ಆರಿಸದೆ, ಒಂದೊಂದನ್ನೇ ನಿಧಾನವಾಗಿ ಇಳಿಸುತ್ತಿದ್ದರು.

ವರ್ಷಗಳು ಕಳೆದಂತೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಮ್ಯಾನೇಜರಿಗೆ ತಿಳಿದರೆ ಕೆಲಸ ಹೋಗುತ್ತಿತ್ತು. ಹಾಗಾಗಿ ನಾನು ಪೊರಕೆ ಹಿಡಿದು ಪಕ್ಕದಲ್ಲಿ ನಿಂತು, ಯಾವ ದೀಪ ಆರಿತು, ಯಾವುದು ಉಳಿಯಿತು ಎಂದು ಮೆಲ್ಲಗೆ ಹೇಳುತ್ತಿದ್ದೆ.

ಒಂದು ಸಂಜೆ ಮಕ್ಕಳ ನಾಟಕ ಮುಗಿದಿತ್ತು. ಮ್ಯಾನೇಜರು ಬಂದು ನನ್ನ ಬೆನ್ನ ಹಿಂದೆಯೇ ನಿಂತರು. ರಹಮತುಲ್ಲಾ ತಡಕಾಡಿ ಬೇರೆ ಯಾವುವೋ ಸ್ವಿಚ್ಚುಗಳನ್ನು ಇಳಿಸಿದರು. ರಂಗದ ದೀಪಗಳೆಲ್ಲ ಧಗಧಗ ಉರಿಯುತ್ತಲೇ ಇದ್ದವು. ಆ ಬೆಳಕಿಗೇ ಮುಖ ಮಾಡಿ ಅವರು ನನ್ನನ್ನು ಕೇಳಿದರು: "ದ್ರೌಪದಮ್ಮಾ, ಎಲ್ಲಾ ಆರಿದ್ವಾ?"