ನೀರು ಮುಟ್ಟದ ಹಲಗೆ

ನನ್ನ ಗಂಡ ಗಂಗಾಧರ ಹಟ್ಟಿ ಚಿನ್ನದ ಗಣಿಯಲ್ಲಿ ಪಂಪು ರಿಪೇರಿ ಮಾಡುತ್ತಾನೆ. ಪಾಳಿಯುದ್ದಕ್ಕೂ ನೆಲದಡಿಯ ನೀರಿನ ಜೊತೆ ಗುದ್ದಾಡಿ ಬಂದವನು ಕ್ವಾರ್ಟರ್ಸಿನ ಹಿತ್ತಲಲ್ಲಿ ಮತ್ತೆ ನೀರಿನದೇ ಕೆಲಸ ಹಿಡಿದು ಕೂಡುತ್ತಾನೆ. ಕಳೆದ ಬೇಸಿಗೆಯಿಡೀ ಅವನು ಮಾಡಿದ್ದು ಒಂದು ಹಲಗೆ. ಥರ್ಮಾಕೋಲ್ ಕೊರೆದು, ಅದಕ್ಕೆ ಫೈಬರ್ ಬಟ್ಟೆ ಸುತ್ತಿ, ರೆಸಿನ್ ಬಳಿದ. ಆ ರೆಸಿನ್ನಿನ ನಾತಕ್ಕೆ ನಾನು ಹಿತ್ತಲ ಕಡೆ ಮುಖ ಹಾಕುವುದನ್ನೇ ಬಿಟ್ಟೆ. ಸಾರಿನಲ್ಲೂ ಅದೇ ವಾಸನೆ, ತಲೆದಿಂಬಿನಲ್ಲೂ ಅದೇ. ಹಲಗೆಯ ಅಡಿಗೆ ಒಂದು ಅಲ್ಯೂಮಿನಿಯಂ ಕಾಲು, ಕಾಲಿನ ತುದಿಗೆ ವಿಮಾನಕ್ಕಿರುವಂಥ ರೆಕ್ಕೆ, ಪಕ್ಕದಲ್ಲಿ ಮೋಟಾರು. ವೇಗ ಬಂತೆಂದರೆ ರೆಕ್ಕೆ ಮಾತ್ರ ನೀರೊಳಗಿದ್ದು ಹಲಗೆ ಮೇಲಕ್ಕೇಳುತ್ತದಂತೆ, ಮನುಷ್ಯ ಗಾಳಿಯಲ್ಲಿ ನಿಂತುಕೊಂಡೇ ಹೋಗುತ್ತಾನಂತೆ.

ಹಳೆಯ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಇಡಲು ಹಲಗೆಯ ನಡುವೆ ಒಂದು ಗೂಡು. ಅದರೊಳಗೆ ಒಂದು ಹನಿ ನೀರೂ ಹೋಗಬಾರದು. ಲಿಂಗಸೂಗೂರಿನ ಅಂಗಡಿಗಳಿಂದ ತಂದ ರಬ್ಬರ್ ಯಾವುದೂ ಸರಿಹೋಗದೆ ಕೊನೆಗೆ ನನ್ನ ದೊಡ್ಡ ಕುಕ್ಕರಿನ ರಬ್ಬರನ್ನೇ ಕಿತ್ತ. ಗೂಡಿನ ಬಾಯನ್ನು ಅದರ ಅಳತೆಗೆ ದುಂಡಗೆ ಕೊರೆದ.

"ನಾ ಬ್ಯಾಳಿ ಎದ್ರಾಗ ಕುದಸ್ಲಿರೀ?" ಎಂದೆ.

"ಮೊದ್ಲು ಒಂದು ಹಪ್ಪಳ ಕೊಡು," ಎಂದ.

ಬ್ಯಾಟರಿಯ ಜಾಗದಲ್ಲಿ ಹಪ್ಪಳ ಇಟ್ಟು, ಮುಚ್ಚಳ ಬಿಗಿದು, ಹಲಗೆಯನ್ನು ನೀರಿನ ತೊಟ್ಟಿಯಲ್ಲಿ ಅದುಮಿಟ್ಟ. ಮರುದಿನ ತೆಗೆದಾಗ ಹಪ್ಪಳ ಒಣಗಿದ್ದಂತೆಯೇ ಇತ್ತು, ಕಟಕ್ಕೆಂದು ಮುರಿಯಿತು. ಖುಷಿಗೆ ಅದನ್ನು ಸುಟ್ಟುಕೊಂಡು ತಿಂದ ಕೂಡ. ರೆಸಿನ್ ನಾತ ಹೊಡೆಯುವ ಹಪ್ಪಳ!

ಇಷ್ಟೆಲ್ಲ ಅವನ ಅಜ್ಜಿ ಪೀರಮ್ಮನಿಗಾಗಿ. ಆಕೆ ನಮ್ಮ ಜೊತೆಗೇ ಇದ್ದಾಳೆ. ಅವರ ಊರು ಮಸ್ಕಿಯಿಂದ ಒಳಗೆ. ಹೆಸರು ಹೇಳಲು ನನಗೆ ಮನಸ್ಸಿಲ್ಲ. ಆ ಊರ ಕೆರೆಯ ನೀರನ್ನು ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ. ಪೀರಮ್ಮ ಖಾಲಿ ಕೊಡ ಇಟ್ಟುಕೊಂಡು ಏರಿಯ ಕೆಳಗೆ ಕೂರಬೇಕು, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯಬೇಕು. ಈಗ ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇದೆ, ತಿಂಗಳ ಸಂಬಳ ಇದೆ, ಆ ಊರಲ್ಲೂ ಮನೆಮನೆಗೆ ನಲ್ಲಿ ಬಂದಿದೆ. ಆದರೂ ಕೆರೆಯ ಮೆಟ್ಟಿಲನ್ನು ನಮ್ಮವರು ಇಳಿದಿಲ್ಲ. "ಆ ಕೆರಿ ನಡುವ ನಮ್ಮವ ಒಬ್ಬ ನಿಂತಿದ್ದು ನೋಡಿ ಸಾಯ್ತೀನಿ," ಎಂದು ಪೀರಮ್ಮ ಒಮ್ಮೆ ಹೇಳಿದ್ದಳು. ಮೊಮ್ಮಗ ಅದನ್ನೇ ಮನಸ್ಸಿಗೆ ಹಚ್ಚಿಕೊಂಡ.

ಕೆರೆ ಕಮಿಟಿಯ ಹಿರಿಯ ಅಮರಗುಂಡಪ್ಪನನ್ನು ಕೇಳಲು ಹೋದೆವು. ಹೋಗಿ ಕೇಳಬೇಕಾಗಿದ್ದೇ ನನ್ನ ಮೈ ಉರಿಸಿತ್ತು. ಆತ ನಗುನಗುತ್ತ ಚಹಾ ತರಿಸಿದ, ನಮಗೆ ಪೇಪರ್ ಕಪ್ಪಿನಲ್ಲಿ, ತನಗೆ ಪಿಂಗಾಣಿ ಕಪ್ಪಿನಲ್ಲಿ. ಮೊಬೈಲಿನಲ್ಲಿ ಇಂಥದೇ ಹಲಗೆಯ ವಿಡಿಯೋ ನೋಡಿ ಒಂದೇ ಪ್ರಶ್ನೆ ಕೇಳಿದ.

"ಅಂದ್ರ ತಮ್ಮಾ, ನೀ ನೀರು ಮುಟ್ಟಂಗಿಲ್ಲ?"

"ಹಲಗಿ ಎದ್ದ ಮ್ಯಾಲ ಮುಟ್ಟಂಗಿಲ್ರೀ."

"ಹಂಗಾದ್ರ ಮಾಡು. ಮೆಟ್ಟಲ ಮ್ಯಾಲಿಂದನ ಹಲಗಿ ಹತ್ತು. ನಮ್ಮದೇನೂ ತಕರಾರಿಲ್ಲ."

ಗಂಗಾಧರ ಖುಷಿಯಿಂದ ಹೊರಗೆ ಬಂದ. ಆ ಪ್ರಶ್ನೆ ಯಾಕೆ ಬಂತೆಂದು ಅವನಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆದಿತ್ತು.

ಮುಂದಿನ ಭಾನುವಾರ ಅರ್ಧ ಊರೇ ಕೆರೆಯ ದಂಡೆಗೆ ಬಂದಿತ್ತು. ಕೆರೆ ನೋಡಿದರೆ ಹೇಸಿಗೆ. ಎಮ್ಮೆಗಳು ಸೆಗಣಿ ಹಾಕುತ್ತ ನಿಂತಿದ್ದವು. ಪಾಚಿಯ ಮೇಲೆ ಗುಟ್ಕಾ ಚೀಟಿ, ದಡಕ್ಕೆ ಬಂದು ತಾಗಿದ ಸತ್ತ ಕೋಳಿ. ಗಂಗಾಧರ ಬ್ಯಾಟರಿಯ ವೈರು ಕೂಡಿಸಿ ಇನ್ನೇನು ಮುಚ್ಚಳ ಹಾಕಬೇಕು, ಅಮರಗುಂಡಪ್ಪ ತಾಟು ಹಿಡಿದು ಬಂದ.

"ಹೊಸಾ ಸಾಮಾನು. ಅಕ್ಷತಿ ಹಾಕ್ತೀನಿ, ಚಲೋ ಆಗ್ತದ."

ಹಳದಿ ಅಕ್ಕಿಕಾಳು ಹಲಗೆಯ ಮೇಲೂ ಗೂಡಿನ ಬಾಯಿಗೂ ಬಿದ್ದವು. ಹಿಂದೆಯೇ ತಂಬಿಗೆಯಿಂದ ಏನೋ ಚಿಮುಕಿಸಿದ. ವಾಸನೆ ಮೂಗಿಗೆ ಬಡಿದ ಮೇಲೆ ತಿಳಿಯಿತು, ಗಂಜಲ. ನಮ್ಮಿಂದ ಕೆರೆಗೆ ಮೈಲಿಗೆಯಾಗದಿರಲಿ ಎಂದು ಈ ಶಾಸ್ತ್ರ. ಥೂ, ಎಮ್ಮೆ ಉಚ್ಚೆ ಹೊಯ್ಯುವ ನೀರಿಗೆ ನಾವು ಮೈಲಿಗೆ! ಗಂಗಾಧರನಿಗೂ ಈಗ ಅರ್ಥವಾಯಿತು. ಅಜ್ಜಿ ಮೇಲಿನ ಮೆಟ್ಟಿಲಲ್ಲಿ ಕಾಯುತ್ತಿದ್ದಾಳೆಂದು ಹಲ್ಲು ಕಚ್ಚಿ, ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಮುಚ್ಚಳ ಬಿಗಿದ.

ಹಲಗೆ ಮೊದಲು ತೆವಳಿತು, ಆಮೇಲೆ ಎದ್ದಿತು. ನಿಜವಾಗಿಯೂ ಎದ್ದಿತು. ನೀರಿನಿಂದ ಮೊಳದೆತ್ತರದಲ್ಲಿ ನನ್ನ ಗಂಡ ನೆಟ್ಟಗೆ ನಿಂತು ಹೊರಟಿದ್ದ. ಸಿಟ್ಟೆಲ್ಲ ಮರೆತು ಚಪ್ಪಾಳೆ ತಟ್ಟಿದೆ. ಕೆರೆಯ ನಡುವೆ ಮೋಟಾರಿನ ಸದ್ದು ನಿಂತುಹೋಯಿತು. ಹಲಗೆ ಕುಸಿಯಿತು, ಗಂಗಾಧರ ದಬಾರನೆ ನೀರಿಗೆ ಬಿದ್ದ. ದಂಡೆಯಲ್ಲಿ ಜನ ನಕ್ಕರು.

"ಮುಟ್ಟೇಬಿಟ್ಟನಲ್ಲಪಾ!" ಎಂದು ಅಮರಗುಂಡಪ್ಪನ ಬಾಯಿಂದ ಬಂದೇಬಿಟ್ಟಿತು.

ಗಂಗಾಧರ ಹಲಗೆ ತಳ್ಳಿಕೊಂಡು ಈಜಿ ಬಂದು ಮುಚ್ಚಳ ಬಿಚ್ಚಿದ. ಗೂಡಿನ ತುಂಬ ನೀರು. ಕುಕ್ಕರಿನ ರಬ್ಬರಿನ ಅಡಿಯಲ್ಲಿ ಒಂದು ಹಳದಿ ಅಕ್ಕಿಕಾಳು ಸಿಕ್ಕಿಕೊಂಡು ನೀರಿಗೆ ದಾರಿ ಬಿಟ್ಟಿತ್ತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಅಮರಗುಂಡಪ್ಪನ ಮುಂದೆ ಹಿಡಿದ.

"ನಾ ಮುಟ್ಟತಿದ್ದಿಲ್ರೀ ಧಣೇರ. ನೀರಿಗೆ ಕೆಡವಿದ್ದು ನಿಮ್ಮ ಅಕ್ಷತಿ."

ಅಮರಗುಂಡಪ್ಪ ಮೈಲಿಗೆ ಕಳೆಯಲು ತಂಬಿಗೆಯಲ್ಲಿ ಉಳಿದ ಗಂಜಲವನ್ನು ಕೆರೆಗೆ ಸುರಿಯಲು ಬಗ್ಗಿದ. ಅಷ್ಟರಲ್ಲಿ ಪೀರಮ್ಮ, "ಭಾರತೀ, ಕೈ ಹಿಡಿ," ಎಂದಳು. ನನ್ನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಪಾಚಿ ಸರಿಸಿ, ಬೊಗಸೆ ತುಂಬಿಕೊಂಡು ಬಾಯಿಗೆ ಹಾಕಿದಳು. ಮರುಕ್ಷಣವೇ ಅಮರಗುಂಡಪ್ಪನ ಕಾಲ ಬಳಿ ಉಗಿದಳು.

"ಥೂ! ಈ ಹೊಲಸು ನೀರಿಗೇನ್ರೋ ನನ್ನ ಏರಿ ಕೆಳಗ ಕುಂದ್ರಿಸಿದ್ದು?"