ಸೌಟು ಯಾರ ಕೈಯಲ್ಲಿ

ಬೆಳಿಗ್ಗೆಯಿಂದ ಮಾಡಿದ ಕೆಲಸ ಇಷ್ಟು: ಸಂಪ್‌ಗೆ ನೀರು ಬಿಟ್ಟದ್ದು, ಬಾಗಿಲಿಗೆ ರಂಗೋಲಿ ಎಳೆದದ್ದು, ಹಾಲು ಕಾಸಿದ್ದು, ಸಮಯ ನೋಡಿ ಖಾಲಿಯಾದ ಸಿಲಿಂಡರ್ ಬದಲಿಸಿದ್ದು, ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಿದ್ದು, ಫೋರ್ತ್ ಬ್ಲಾಕಿಗೆ ಹೋಗಿ ಬಾಳೆ ಎಲೆ ತಂದದ್ದು, ಸೋಫಾವನ್ನು ಗೋಡೆಗೆ ತಳ್ಳಿ ಜಮಖಾನ ಹಾಸಿದ್ದು, ಎದುರುಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದದ್ದು, ಮತ್ತೆ ಅದನ್ನು ವಾಪಸ್ ಕೊಟ್ಟು ಬಂದದ್ದು.

ಕುರ್ಚಿ ವಾಪಸ್ ಹೋಗಿದ್ದು ಅತ್ತೆಯ ಅಪ್ಪಣೆಯಿಂದ. “ಬರೋರು ನೆಲದ ಮೇಲೇ ಕೂತ್ಕೋತಾರೆ. ನಾವು ಮೇಲ್ಗಡೆ ಕೂತು ಅವರ ನೆತ್ತಿ ನೋಡ್ಕೊಂಡು ಮಾತಾಡೋದಾ?” ಅಂದರು. ಅತ್ತೆಗೆ ಮಂಡಿ ನೋವು. ಆದರೂ ನೆಲದಲ್ಲೇ ಕೂರುತ್ತೇನೆ ಅಂದಮೇಲೆ ಮುಗಿಯಿತು. ನಮ್ಮ ಮನೆಯಲ್ಲಿ ಅವರು ಅಂದಮೇಲೆ ಯಾವುದಾದರೂ ಮುಗಿಯದೆ ಉಳಿದದ್ದು ನನಗೆ ನೆನಪಿಲ್ಲ.

ಅವತ್ತು ಭಾನುವಾರ, ನಮ್ಮ ಜಯನಗರದ ಮನೆಯಲ್ಲಿ ಟ್ರಸ್ಟಿನ ಮೀಟಿಂಗು. ಟ್ರಸ್ಟು ಎಂದರೆ ದೊಡ್ಡದೇನಲ್ಲ. ಪಾರ್ಕಿನಲ್ಲಿ ವಾಕಿಂಗಿಗೆ ಬರುತ್ತಿದ್ದ ಒಬ್ಬ ರಿಟೈರ್ಡ್ ಡಾಕ್ಟರು, ಅವರ ಹಿಂದೆ ನಡೆಯುತ್ತಾ ನಡೆಯುತ್ತಾ ಸೇರಿಕೊಂಡ ನಾವು ಕೆಲವರು. ಬನ್ನೇರುಘಟ್ಟದಾಚೆ ಕಾಡಂಚಿನಲ್ಲಿ ಇರುಳಿಗ ಬುಡಕಟ್ಟಿನವರ ಒಂದು ದೊಡ್ಡಿ, ಅಂದರೆ ಪುಟ್ಟ ಹಳ್ಳಿ, ಇದೆ. ಅಲ್ಲಿಯ ಹಿರಿಯರು ಕಾಡಿನ ಜೇನು, ಗೆಣಸು ನಂಬಿ ಬದುಕಿದವರು. ಮಕ್ಕಳು ಈಗ ಸುತ್ತಲಿನ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಅಲ್ಲಿಗೆ ವಾರಕ್ಕೊಮ್ಮೆ ಔಷಧಿಯ ವ್ಯಾನು ಕಳಿಸುವುದು, ಹೆರಿಗೆಗೆಂದು ಬರುವ ಹೆಂಗಸರು ಆಸ್ಪತ್ರೆಗೆ ಹತ್ತಿರದಲ್ಲಿ ಉಳಿಯಲು ಜಾಗ ಮಾಡಿಕೊಡುವುದು, ಇದಕ್ಕೆಲ್ಲ ದಾನಿಗಳನ್ನು ಹುಡುಕುವುದು, ಇವೇ ನಮ್ಮ ಕೆಲಸ. ಉಳಿಯುವ ಜಾಗ ನಮ್ಮಲ್ಲೇ ಒಬ್ಬರದು, ಎಲ್ಲರೂ ಗೊಟ್ಟಿಗೆರೆ ಅಣ್ಣ ಅನ್ನುತ್ತೇವೆ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆಯ ಮನೆಗಳು ಎದ್ದಿವೆ. ಕೆಳಗಿನ ಎರಡು ರೂಮನ್ನು ಟ್ರಸ್ಟಿಗೆ ಬಿಟ್ಟುಕೊಟ್ಟಿದ್ದಾರೆ. ಮಿನಿಟ್ಸ್ ಬರೆಯುವುದು ನಾನು. ಅಡುಗೆ ಮಾಡುವುದು, ಬಡಿಸುವುದು ಅತ್ತೆ.

ಈ ಸಲದ ಮೀಟಿಂಗಿನಲ್ಲಿ ಒಂದು ವಿಷಯ ಇತ್ಯರ್ಥವಾಗಲೇಬೇಕಿತ್ತು. ಡಾಕ್ಟರಿಗೆ ಕಣ್ಣು ಮಂಜಾಗಿದೆ, ಅಧ್ಯಕ್ಷಗಿರಿ ಸಾಕು ಅನ್ನುತ್ತಿದ್ದಾರೆ. ತಮ್ಮ ಜಾಗಕ್ಕೆ ದೊಡ್ಡಿಯ ಅಕ್ಕನೇ ಬರಬೇಕೆಂದು ಅವರ ಆಸೆ. ಈ ಅಕ್ಕನಿಗೆ ನಲವತ್ತರ ಆಸುಪಾಸು. ದೊಡ್ಡಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮನೆಯಲ್ಲಿ ಜಗಳವಾದರೂ ಮೊದಲು ಕರೆ ಹೋಗುವುದು ಅವರಿಗೆ. ನಮ್ಮ ಬೋರ್ಡಿನಲ್ಲಿ ಸದಸ್ಯೆಯಾಗಿ ಸೇರಿದ್ದರು. ಅಧ್ಯಕ್ಷೆಯಾಗಿ ಎಂದು ಹಿಂದಿನ ಎರಡು ಮೀಟಿಂಗಿನಲ್ಲಿ ಕೇಳಿದಾಗಲೂ “ನೋಡಾಣ ಸಾರ್” ಅಂದು ಹೊರಟುಹೋಗಿದ್ದರು. ಈ ಸಲವೂ ಒಪ್ಪದಿದ್ದರೆ, ಹಣ ಕೊಡುವ ಕಂಪನಿ ತನ್ನ ಕಡೆಯಿಂದ ಒಬ್ಬರನ್ನು ಕೂರಿಸುವುದಾಗಿ ಹೇಳಿತ್ತು. ಆಗ ದೊಡ್ಡಿಯ ಆರೋಗ್ಯದ ಮಾತನ್ನು ದೊಡ್ಡಿಯನ್ನೇ ನೋಡದವರು ಆಡುತ್ತಾರೆ. ಡಾಕ್ಟರಿಗೆ ಇದೇ ಸಂಕಟ.

ಹನ್ನೊಂದರ ಹೊತ್ತಿಗೆ ಗೊಟ್ಟಿಗೆರೆ ಅಣ್ಣನ ಕಾರು ಬಂತು. ಅಕ್ಕನ ಜೊತೆ ಅವರ ಚಿಕ್ಕಮ್ಮನೂ ಇಳಿದರು. ಬಾಯಲ್ಲಿ ಹಲ್ಲಿಲ್ಲದ, ಕಣ್ಣಲ್ಲೇ ನಗುವ ಮುದುಕಿ. ಕೈಯಲ್ಲಿದ್ದ ಬಟ್ಟೆಗಂಟಿನಲ್ಲಿ ಬೇಯಿಸಿದ ಕಾಡುಗೆಣಸು.

“ಬನ್ನೇರುಘಟ್ಟ ರೋಡಲ್ಲಿ ಅರ್ಧ ಆಯಸ್ಸು ಹೋಯ್ತು ಸಾರ್,” ಅಂದರು ಅಣ್ಣ, ಚಪ್ಪಲಿ ಬಿಡುತ್ತಾ. “ನಮ್ಮಪ್ಪ ಎತ್ತಿನ ಗಾಡೀಲಿ ಇದಕ್ಕಿಂತ ಬೇಗ ಮಾರ್ಕೆಟ್ಟು ಸೇರ್ತಿದ್ದ.”

“ನಿಮ್ಮಪ್ಪಂಗೆ ಸಿಗ್ನಲ್ ಇರ್ಲಿಲ್ಲ,” ಅಂದರು ಡಾಕ್ಟರು.

“ನಂಗೂ ಇರ್ಲಿಲ್ಲ ಸಾರ್. ಬರೀ ಗುಂಡಿ.”

ಎಲ್ಲರೂ ಜಮಖಾನದ ಮೇಲೆ ಕೂತೆವು. ಮೊದಲು ವ್ಯಾನಿನ ವಿಷಯ. ವಾರದ ಮಧ್ಯೆ, ಬೆಳಿಗ್ಗೆ ಹತ್ತು ಗಂಟೆ ಎಂದು ನಾವು ಇದೇ ಹಾಲಿನಲ್ಲಿ ಕೂತು ಗೊತ್ತುಮಾಡಿದ್ದೆವು. ಡ್ರೈವರಿಗೂ ನರ್ಸಿಗೂ ಆ ಹೊತ್ತು ಅನುಕೂಲ. ಆದರೆ ಚೀಟಿಗೆ ಹೆಸರು ಬರೆಸುವವರು ಕಡಿಮೆಯಾಗುತ್ತಿದ್ದರು. ಜನರಿಗೆ ಅರಿವು ಮೂಡಿಸಬೇಕೇನೋ ಎಂದು ಡಾಕ್ಟರು ಶುರುಮಾಡಿದರು.

“ಅರಿವು ಎಲ್ಲಿಂದ ಮೂಡುತ್ತೆ ಸಾರ್,” ಅಂದರು ಅಣ್ಣ. “ನಾನು ಹೋಗಿ ನೋಡ್ದೆ. ಹತ್ತು ಗಂಟೆಗೆ ದೊಡ್ಡೀಲಿ ಇರೋದು ಈ ಚಿಕ್ಕಮ್ಮ, ಆಮೇಲೆ ನಾಯಿಗಳು. ನಾಯಿಗಳಿಗೆಲ್ಲ ಬಿಪಿ ನಾರ್ಮಲ್ಲು.”

ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. “ನಂಗೆ ಎರಡು ಸಲ ನೋಡವ್ರೆ. ನರ್ಸಮ್ಮಂಗೆ ಬೇಜಾರಂತೆ, ಸುಮ್ಕೆ ಕೂರಕ್ಕೆ.”

ದೊಡ್ಡಿಯಲ್ಲಿ ಹತ್ತು ಜನರ ಮಧ್ಯೆ ಅಕ್ಕನ ದನಿ ಹೇಗಿರುತ್ತದೆಂದು ನಾನು ಕೇಳಿದ್ದೇನೆ, ಕಾಡಿನ ಆ ಕಡೆಗೂ ಕೇಳುತ್ತದೆ. ನಮ್ಮ ಹಾಲಿಗೆ ಬಂದರೆ ಅದು ಎಲ್ಲಿಗೋ ಹೋಗಿಬಿಡುತ್ತದೆ. ಜಮಖಾನದ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಡಾಕ್ಟರು ಅಧ್ಯಕ್ಷತೆಯ ಮಾತೆತ್ತಿದರು. “ಇದು ನಿಮ್ಮದೇ ಟ್ರಸ್ಟು ಕಣಮ್ಮ. ಇದು ನಿಮ್ಮದೇ ಮನೆ ಅಂದ್ಕೊಳ್ಳಿ. ನೀವು ಹೂಂ ಅಂದ್ರೆ ಆಯ್ತು.”

“ನೋಡಾಣ ಸಾರ್,” ಅಂದರು ಅಕ್ಕ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಒಳಗಿನಿಂದ ಅತ್ತೆಯ ದನಿ ಬಂತು: “ಮುದ್ದೆ ಆರೋಗುತ್ತೆ. ಆಮೇಲೆ ಮಾತಾಡಿ.”

ಎಲೆ ಹಾಸಿದೆವು. ಅತ್ತೆ ಹಿತುಕಿದ ಬೇಳೆಯ ಸಾರಿನ ಪಾತ್ರೆಯನ್ನು ನನ್ನ ಕೈಲಿ ಹೊರಿಸಿಕೊಂಡು ಬಂದರು. ಸೌಟು ಮಾತ್ರ ಅವರ ಕೈಯಲ್ಲಿ. ಹಿತ್ತಾಳೆಯದು, ಉದ್ದ ಹಿಡಿಯದು, ತಿಪಟೂರಿನ ತವರಿನಿಂದ ಮದುವೆಯಲ್ಲಿ ಬಂದದ್ದು. ಅಕ್ಕ ಎದ್ದು ಬಂದು ಕೈಚಾಚಿದರು. “ಕೊಡಿ ಅಮ್ಮ, ನಾನು ಬಡಿಸ್ತೀನಿ.”

ಆಗ ನನಗೆ ಹೊಳೆಯಿತು, ಹೋದಸಲವೂ ಹೀಗೇ ಎದ್ದಿದ್ದರು, ಅದರ ಹಿಂದಿನ ಸಲವೂ.

“ಅಯ್ಯೋ ಕೂತ್ಕೋಮ್ಮ,” ಅಂದರು ಅತ್ತೆ, ಹೋದಸಲ ಅಂದ ಹಾಗೆಯೇ. “ಬಡಿಸೋದು ಮನೆಯವರ ಕೆಲಸ.”

ಅಕ್ಕ ಕೂರಲಿಲ್ಲ. “ಅದಕ್ಕೇ ಕಣಮ್ಮ ನಾನು ಒಪ್ಪದೆ ಇರೋದು,” ಅಂದರು. ಈಗ ಬಂದದ್ದು ಅವರ ದೊಡ್ಡಿಯ ದನಿ. “ಆ ಕಡೆ ಡಾಕ್ಟ್ರು ಇದು ನಿಮ್ಮನೆ ಅಂತಾರೆ. ಈ ಕಡೆ ನೀವು ಬಡಿಸೋದು ಮನೆಯವರ ಕೆಲಸ, ಕೂತ್ಕೋ ಅಂತೀರಿ. ನಾನು ಯಾವ್ದು ನಂಬ್ಲಿ? ನಮ್ಮ ದೊಡ್ಡೀಲಿ ನಾಲ್ಕು ಜನ ಕೂತು ಮಾತಾಡಿದ ದಿನ, ಯಾರ ಮಾತು ನಡೀಬೇಕೋ ಅವ್ರೇ ಎಲ್ಲರ್ಗೂ ಬಡಿಸ್ಬೇಕು. ಬಡಿಸಿ, ಕೊನೇಲಿ ತಾವು ಉಣ್ಬೇಕು. ಇಲ್ಲಿ ಪ್ರತೀ ಸಲ ನಂಗೆ ಮೊದ್ಲು ಎಲೆ ಹಾಕ್ತೀರಿ. ನೆಂಟ್ರು ಮಾತಾಡಿದ್ರೆ ಯಾರು ಕೇಳ್ತಾರೆ?”

ನಮ್ಮ ಮನೆಗಳಲ್ಲಿ ಅತಿಥಿಯ ಕೈಗೆ ಕೆಲಸ ಹಚ್ಚುವುದೆಂದರೆ ಮರ್ಯಾದೆ ತೆಗೆದ ಹಾಗೆ. ಅವರ ದೊಡ್ಡಿಯಲ್ಲಿ ಕೆಲಸ ಕೊಡದೆ ಕೂರಿಸುವುದೇ ಹೊರಗಿಟ್ಟ ಹಾಗೆ. ನಾವು ಎರಡು ಸಲ ಬಹಳ ಉಪಚಾರ ಮಾಡಿ, ಹೋಳಿಗೆ ಹಾಕಿ, ತುಪ್ಪ ಬಡಿಸಿ, ಅವರನ್ನು ಹೊರಗಿಟ್ಟಿದ್ದೆವು.

ಚಿಕ್ಕಮ್ಮ ಮೆಲ್ಲಗೆ ಸೇರಿಸಿದರು. “ನಮ್ ಕೈಲಿ ಇಕ್ಕಿದ್ದು ಉಣ್ಣಾಕಿಲ್ವೇನೋ ಈ ಜನ ಅಂತಾನೂ ಅಂದ್ಕಂಡೊ.”

ಆ ಮಾತು ಎಲ್ಲರಿಗೂ ತಾಗಿತು. ಬಾಯಿಬಿಟ್ಟು ಹೇಳದ ಇಂಥ ಅನುಮಾನಕ್ಕೆ ಈ ಊರಿನಲ್ಲಿ ಕಾರಣ ಇಲ್ಲದೆ ಇಲ್ಲ. ಡಾಕ್ಟರು ನೆಲ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ಹಣೆಯ ವಿಭೂತಿ ಮುರಿದುಹೋಗುವ ಹಾಗೆ ಹುಬ್ಬೇರಿಸಿ ನಿಂತಿದ್ದರು.

“ನಿನ್ ಕೈಲಿ ಅಂತ ಅಲ್ಲ ಕಣೇ ಹುಚ್ಚಿ,” ಅಂದರು ಕೊನೆಗೆ. ಸೌಟನ್ನು ನನ್ನ ಕಡೆ ತಿರುಗಿಸಿ, “ಇವ್ಳು ಬಂದು ಮೂವತ್ತು ವರ್ಷದ ಹತ್ರ ಆಯ್ತು. ಇವ್ಳಿಗೇ ಕೊಟ್ಟಿಲ್ಲ ಇನ್ನೂ, ಕೇಳು.”

“ಹೌದು, ಕೊಟ್ಟಿಲ್ಲ,” ಅಂದೆ ನಾನು. ಇಷ್ಟು ಬೇಗ ಅಂದದ್ದಕ್ಕೋ ಏನೋ, ಗೊಟ್ಟಿಗೆರೆ ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಅವರಿಂದ ಅದು ಚಿಕ್ಕಮ್ಮನಿಗೆ ಹಿಡಿಯಿತು, ಚಿಕ್ಕಮ್ಮನಿಂದ ಅಕ್ಕನಿಗೆ. ಕೊನೆಗೆ ಅತ್ತೆಯೂ ನಕ್ಕರು, ಮಂಡಿ ಹಿಡಿದುಕೊಂಡು.

“ಹಂಗಾದ್ರೆ ಪಾಪ, ಇವ್ರಿಗೆ ಕೊಡಿ ಮೊದ್ಲು,” ಅಂದರು ಅಕ್ಕ, ನನ್ನನ್ನು ತೋರಿಸಿ.

“ಇವ್ಳು ಎಲ್ಲಿ ಹೋಗ್ತಾಳೆ, ಇಲ್ಲೇ ಇರ್ತಾಳೆ. ನೀನು ಗೊಟ್ಟಿಗೆರೆ ಕಾರು ಹತ್ತಿಬಿಡ್ತೀಯ.” ಅತ್ತೆ ಸೌಟನ್ನು ಸೆರಗಿನಿಂದ ಒರೆಸಿದರು. ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಳಕೈಗೆ ತಾಗಿಸಿ, ಅರಿಶಿನ ಕುಂಕುಮ ಕೊಡುವ ಹಾಗೆ ಕೊಟ್ಟರು. “ತಳದಿಂದ ಎತ್ತಿ ಬಡಿಸ್ಬೇಕು. ಬೇಳೆ ಕೆಳಗೆ ಕೂತಿರುತ್ತೆ.”

“ಗೊತ್ತು ಕಣಮ್ಮ. ನೀವು ಕೂತ್ಕೊಳ್ಳಿ.”

ಅತ್ತೆ ಕೂತರು. ಅವರಿಗೇ ಮೊದಲ ಎಲೆ. ನಾನು ಆ ಮನೆಗೆ ಬಂದ ಮೇಲೆ ಅವರು ಎಲ್ಲರಿಗಿಂತ ಮೊದಲು ತುತ್ತು ಬಾಯಿಗಿಟ್ಟದ್ದನ್ನು ಅವತ್ತೇ ನೋಡಿದ್ದು. ಎಲೆಯ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಹೊಸ ಮದುಮಗಳ ಹಾಗೆ ಸಂಕೋಚಪಟ್ಟರು. ಆಮೇಲೆ ಸುಧಾರಿಸಿಕೊಂಡು, “ಸಾರು ಕಡಿಮೆ ಆಯ್ತು, ಹಾಕು,” ಅಂದರು.

ಅಕ್ಕ ಎಲೆಯಿಂದ ಎಲೆಗೆ ಬಗ್ಗಿ ಬಗ್ಗಿ ಬಡಿಸುತ್ತಾ ಡಾಕ್ಟರ ಮುಂದೆ ಬಂದು ನಿಂತರು. ಮುದ್ದೆಯಲ್ಲಿ ಗುಳಿ ಮಾಡಿಕೊಂಡು ಡಾಕ್ಟರು ಕಾಯುತ್ತಿದ್ದರು. ಸೌಟು ತುಂಬಿ ಮೇಲೆ ಬಂತು, ಆದರೆ ಕೆಳಗಿಳಿಯಲಿಲ್ಲ.

“ವ್ಯಾನು ಸಂಜೆ ಬರ್ಲಿ ಸಾರ್. ಕೂಲಿಯಿಂದ ಬಂದು, ಕೈಕಾಲು ತೊಳ್ಕೊಂಡ ಮೇಲೆ.”

“ಡ್ರೈವರ್‌ನ ಒಂದು ಮಾತು ಕೇಳ್ಬೇಕಲ್ಲಮ್ಮ.”

“ಕೇಳಿ. ನಾನು ಕಾಯ್ತೀನಿ.” ಸೌಟು ಅಲ್ಲೇ ನಿಂತಿತ್ತು, ಹಬೆಯಾಡುತ್ತಾ.

“ಸಂಜೆ, ಸಂಜೆ. ಹಾಕಮ್ಮ.”

“ಮುಂದಿನ ಮೀಟಿಂಗು ದೊಡ್ಡೀಲಿ.”

“ಆಯ್ತು, ದೊಡ್ಡೀಲೇ.”

“ಒಪ್ಕೊಂಬಿಡಿ ಸಾರ್,” ಅಂದರು ಪಕ್ಕದ ಎಲೆಯಿಂದ ಗೊಟ್ಟಿಗೆರೆ ಅಣ್ಣ. “ಇನ್ನೂ ಪಾಯಸ ಬರೋದಿದೆ, ಅದಕ್ಕೇನು ಕೇಳ್ತಾರೋ.”

“ಪಾಯಸಕ್ಕೆ ನಿಮ್ಮ ಮೂರ್ನೇ ರೂಮು,” ಅಂದರು ಅಕ್ಕ.

ಅಣ್ಣ ತುತ್ತು ನುಂಗಲು ಸ್ವಲ್ಪ ಹೊತ್ತು ತೆಗೆದುಕೊಂಡರು. “ಬಾಡಿಗೆದಾರ ಖಾಲಿ ಮಾಡ್ಲಿ, ಕೊಡ್ತೀನಿ.”

ಅಧ್ಯಕ್ಷೆಯಾಗುತ್ತೀರಾ ಎಂದು ಆಮೇಲೆ ಯಾರೂ ಕೇಳಲಿಲ್ಲ. ಕೈಯಲ್ಲಿ ಸಾರಿನ ಪಾತ್ರೆ ಇದ್ದದ್ದರಿಂದ ನಾನೂ ಬರೆಯಲಿಲ್ಲ. ಪಾತ್ರೆ ಇಳಿಸಿದ ಮೇಲೆ “ಸರ್ವಾನುಮತದಿಂದ” ಎಂದು ಬರೆದುಕೊಂಡೆ. ಡಾಕ್ಟರು ಕನ್ನಡಕ ಹಾಕಿಕೊಂಡು, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಅಷ್ಟನ್ನೇ ಎರಡು ಸಲ ಓದಿ, ಜೇಬಿನಿಂದ ಎಲೆ ಅಡಿಕೆ ತೆಗೆದರು. ಕಂಪನಿಯವರಿಗೆ ತಾವೇ ಫೋನ್ ಮಾಡುತ್ತೇನೆ ಅಂದರು.

ಎಲ್ಲರದೂ ಮುಗಿದ ಮೇಲೆ ಅಕ್ಕ ಅಡುಗೆಮನೆಯ ನೆಲದಲ್ಲಿ ಕೂತರು. ನನ್ನನ್ನೂ ತಡೆದು ಕೂರಿಸಿಕೊಂಡಿದ್ದರು. “ನಿಂದು ಇನ್ನೂ ಆಗಿಲ್ಲ ಅಲ್ವಾ ಅಕ್ಕ, ಜೊತೇಗೆ ಉಣ್ಣಾಣ.” ಆವರೆಗೂ ನಾನು ಅವರಿಗೆ ಮೇಡಂ ಆಗಿದ್ದೆ. ಕಡೆಯ ಮುದ್ದೆಯನ್ನು ಇಬ್ಬರೂ ಅರ್ಧ ಮಾಡಿಕೊಂಡೆವು. ಪಾತ್ರೆಯ ತಳದಲ್ಲಿ ಸಾರಿಗಿಂತ ಬೇಳೆಯೇ ಹೆಚ್ಚು. ಇಳಿದು ಕೂತ ಮಸಾಲೆ, ಕರಗಿದ ಕೊಬ್ಬರಿ, ಬೆಣ್ಣೆಯಂಥ ಹಿತುಕಿದ ಅವರೆ. ಇಷ್ಟು ರುಚಿಯಾದ ಸಾರನ್ನು ನಾನು ಆ ಮನೆಯಲ್ಲಿ ಉಂಡೇ ಇರಲಿಲ್ಲ. ಅತ್ತೆ ಇಷ್ಟು ವರ್ಷವೂ ಕೊನೆಗೇ ಯಾಕೆ ಊಟಕ್ಕೆ ಕೂರುತ್ತಿದ್ದರೆಂದು ಗೊತ್ತಾಯಿತು. ಅಕ್ಕನಿಗೆ ಹೇಳಿದೆ.

“ಮತ್ತೆ? ಯಜಮಾನಿಕೆ ಸುಮ್ಕೆ ಮಾಡ್ತಾರಾ ಯಾರಾದ್ರೂ,” ಅಂದರು, ಬೆರಳು ಚೀಪುತ್ತಾ.

ಅವತ್ತು ಉಂಡದ್ದು: ರಾಗಿ ಮುದ್ದೆ, ಹಿತುಕಿದ ಬೇಳೆ ಸಾರು, ಸೌತೆಕಾಯಿ ಕೋಸಂಬರಿ, ಅನ್ನ, ಮಜ್ಜಿಗೆ, ಶಾವಿಗೆ ಪಾಯಸ, ಜೊತೆಗೆ ಚಿಕ್ಕಮ್ಮನ ಕಾಡುಗೆಣಸು, ಬೆಲ್ಲ ಹಚ್ಚಿಕೊಂಡು. ಪಾತ್ರೆ ತೊಳೆದು, ಕಟ್ಟೆ ಒರೆಸಿ, ಸೌಟು ಅದರ ಮೊಳೆಗೆ ಹೋಗುವ ತನಕ ಅತ್ತೆ ಯಾವತ್ತೂ ಬೆನ್ನು ನೆಲಕ್ಕೆ ತಾಗಿಸಿದವರಲ್ಲ. ಅವತ್ತು ಸಿಂಕು ತುಂಬ ಪಾತ್ರೆಯಿತ್ತು. ಹಾಲಿನ ಜಮಖಾನದ ಮೇಲೆ ಚಿಕ್ಕಮ್ಮ ಮಗ್ಗುಲಾಗಿ ಕರಡಿಯ ಕತೆ ಹೇಳುತ್ತಿದ್ದರು, ಪಕ್ಕದಲ್ಲಿ ಮಲಗಿದ ಅತ್ತೆ ಹೂಂಗುಟ್ಟುತ್ತಿದ್ದರು. ಕರಡಿ ಇನ್ನೂ ಮರ ಹತ್ತಿರಲಿಲ್ಲ, ಹೂಂ ನಿಂತುಹೋಯಿತು.